ಎಬ್ಬಿಸುವ ಕೈಗಳು

ಬೂದಿಜ್ವರ ಬಂದ ವರ್ಷ ಬ್ಯಾಡಗಿಯ ಹೊರಗಿನ ಆ ದೊಡ್ಡ ಶೀತಗೃಹದಲ್ಲಿ ಮೆಣಸಿನಕಾಯಿ ಇರಲಿಲ್ಲ, ಮನುಷ್ಯರಿದ್ದರು. ಇಪ್ಪತ್ತೆರಡು ಕೋಣೆಗಳು. ಚೀಲ ಒಟ್ಟುತ್ತಿದ್ದ ಜಾಗದಲ್ಲಿ ಒಂದೊಂದು ಕೋಣೆಗೆ ನಲವತ್ತರಂತೆ ಕಬ್ಬಿಣದ ಮಂಚ ಹಾಕಿದ್ದರು. ಮೂರು ಸಲ ತೊಳೆದರೂ ಗೋಡೆಯ ಖಾರ ಹೋಗಿರಲಿಲ್ಲ. ಹೊಸದಾಗಿ ಒಳಗೆ ಬಂದವರೆಲ್ಲ ಸೀನುತ್ತಿದ್ದರು. ಮಲಗಿದವರು ಮಾತ್ರ ಸೀನುತ್ತಿರಲಿಲ್ಲ. ಅವರ ಎದೆ ನಿಮಿಷಕ್ಕೆ ನಾಲ್ಕು ಸಲ ಬಡಿಯುತ್ತಿತ್ತು, ಅಷ್ಟೆ.

ಅಲ್ಲಿನ ಉಸ್ತುವಾರಿ ನರ್ಸು ಯಶೋದಾ ಗಾಣಿಗೇರ. ಹತ್ತೊಂಬತ್ತು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದ ಹೆಂಗಸು. ಈ ಶೀತಗೃಹಕ್ಕೆ ಬರುವ ಮೊದಲಿನ ಮೂರು ವಾರಗಳ ಬಗ್ಗೆ ಅವಳು ಮನೆಯಲ್ಲಿ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಆಸ್ಪತ್ರೆಯಲ್ಲಿದ್ದದ್ದು ಅರವತ್ತು ಹಾಸಿಗೆ, ಬಂದವರು ಮುನ್ನೂರು. ಒಂದು ಮಂಚದ ಮೇಲೆ ಇಬ್ಬರು, ಕೆಳಗೊಬ್ಬರು, ಮೆಟ್ಟಿಲ ಮೇಲೆ ಸಾಲಾಗಿ ಉಳಿದವರು. ಮೊದಲು ತುಟಿ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು, ಆಮೇಲೆ ಉಗುರು, ನಾಲ್ಕನೆಯ ದಿನಕ್ಕೆ ಉಸಿರು. ಒಂದು ಮಧ್ಯಾಹ್ನ ಆಟೋದಲ್ಲಿ ಬಂದ ಹೆಂಗಸೊಬ್ಬಳು ಗಂಡನ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಒಳಗ ತಗೋಬ್ಯಾಡ್ರಿ ಸಿಸ್ಟರ್, ಜಾಗ ಇಲ್ಲಂತ ಗೊತ್ತೈತಿ. ಇಲ್ಲೇ ಬಂದು ಒಮ್ಮೆ ನೋಡ್ರಿ ಸಾಕು" ಎಂದಿದ್ದಳು. ಯಶೋದಾ ಕೈಗವಸು ಬದಲಿಸಿ ಹೊರಗೆ ಬರುವಷ್ಟರಲ್ಲಿ ನೋಡಲು ಏನೂ ಉಳಿದಿರಲಿಲ್ಲ.

ಅಂಥ ಹೊತ್ತಿನಲ್ಲಿ ಬಂದದ್ದು 'ಶಿಶಿರ' ಎಂಬ ಚುಚ್ಚುಮದ್ದು.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಕೆಲವು ಜಾತಿಯ ಕಪ್ಪೆಗಳು ಕೆಸರಿನೊಳಗೆ ಇಳಿದು, ಉಸಿರನ್ನೂ ನಾಡಿಯನ್ನೂ ಇಳಿಸಿಕೊಂಡು ಮಳೆ ಬೀಳುವ ತನಕ ಮಲಗಿರುತ್ತವೆ. ಆಗ ಅವುಗಳ ರಕ್ತದಲ್ಲಿ ಏನು ನಡೆಯುತ್ತದೆ ಎಂದು ವರ್ಷಗಟ್ಟಲೆ ಬೆನ್ನು ಹತ್ತಿದ್ದ ವಿಜ್ಞಾನಿಗಳ ಕೈಗೆ ಕೊನೆಗೂ ಒಂದು ಔಷಧ ಸಿಕ್ಕಿತ್ತು. ಅದನ್ನು ಚುಚ್ಚಿ ತಂಪು ಕೋಣೆಯಲ್ಲಿ ಮಲಗಿಸಿದರೆ ಮನುಷ್ಯನ ಮೈ ಹದಿನಾರು ಡಿಗ್ರಿಗೆ ಇಳಿದು ಅಲ್ಲೇ ನಿಲ್ಲುತ್ತಿತ್ತು. ಅವನಿಗೆ ಬೇಕಾಗುವ ಆಮ್ಲಜನಕ ಇಪ್ಪತ್ತರಲ್ಲೊಂದು ಪಾಲು. ಬೂದಿಜ್ವರದ ವೈರಾಣುವಿಗೆ ಬೆಚ್ಚನೆಯ ಮೈ ಬೇಕು. ಆ ತಂಪಿನಲ್ಲಿ ಅದು ಹೆಚ್ಚಲಾರದೆ ಹದಿನೈದು ದಿನಕ್ಕೆ ನಾಶವಾಗುತ್ತಿತ್ತು. ಆಸ್ಪತ್ರೆಗಳ ಮುಂದಿನ ಸಾಲು ಒಂದೇ ವಾರದಲ್ಲಿ ಕರಗಿತು. ಜನ ಚುಚ್ಚಿಸಿಕೊಂಡು ಮಲಗಿದ ತಮ್ಮವರ ಕಾಲಿಗೆ ಕೈ ಮುಗಿದು ಮನೆಗೆ ಹೋದರು.

ತೊಡಕಿದ್ದದ್ದು ಎಬ್ಬಿಸುವುದರಲ್ಲಿ. ಇಪ್ಪತ್ತೊಂದು ದಿನ ದಾಟಿದರೆ ರಕ್ತ ಹೆಪ್ಪುಗಟ್ಟತೊಡಗುತ್ತದೆ, ಅದರೊಳಗೆ ಎಬ್ಬಿಸಲೇಬೇಕು. ಮೈಯನ್ನು ಮೆಲ್ಲಗೆ ಬೆಚ್ಚಗೆ ಮಾಡುತ್ತ ಬಂದರೆ ಮೊದಲು ಏಳುವುದು ಹೃದಯ ಮತ್ತು ಮಾಂಸಖಂಡ. ಅವು ಗಾಳಿ ಬೇಡತೊಡಗುತ್ತವೆ. ಆದರೆ ಉಸಿರಾಟ ನಡೆಸುವ ಮೆದುಳಿನ ಭಾಗ ಎಲ್ಲಕ್ಕಿಂತ ಕೊನೆಗೆ ಏಳುತ್ತದೆ. ನಡುವಿನ ಹತ್ತು ತಾಸು ಅವರ ಉಸಿರನ್ನು ಬೇರೆ ಯಾರಾದರೂ ಆಡಿಸಬೇಕು. ಮೈ ಕಾಯಿಸುವುದು, ಉಸಿರಾಡಿಸುವುದು ಎರಡನ್ನೂ ಮಾಡುವ ಯಂತ್ರಕ್ಕೆ 'ಎಬ್ಬಿಸುವ ಹಾಸಿಗೆ' ಎಂದು ಹೆಸರು. ಆ ಶೀತಗೃಹಕ್ಕೆ ಬಂದಿದ್ದದ್ದು ಹದಿನಾಲ್ಕು ಹಾಸಿಗೆ, ದಿನಕ್ಕೆ ಹದಿನಾಲ್ಕು ಮಂದಿ.

ಯಾರನ್ನು ಮೊದಲು ಎಬ್ಬಿಸಬೇಕು ಎಂಬ ಪಟ್ಟಿ ರಾಜಧಾನಿಯ ನಿಯಂತ್ರಣ ಕೊಠಡಿಯಿಂದ ದಿನವೂ ಬೆಳಿಗ್ಗೆ ಆರಕ್ಕೆ ಬರುತ್ತಿತ್ತು. ಮಲಗಿಸತೊಡಗಿದ ಮೇಲಿನ ಹತ್ತೊಂಬತ್ತನೆಯ ದಿನದ ಪಟ್ಟಿಯನ್ನೂ ಯಶೋದಾ ಮೇಲಿನಿಂದ ಕೆಳಗೆ ಓದಿದಳು. ಮೂವತ್ತೆರಡು ವಯಸ್ಸು, ನಲವತ್ತೊಂದು, ಹತ್ತೊಂಬತ್ತು, ಐವತ್ತೆರಡು. ಅರವತ್ತು ದಾಟಿದ ಒಂದು ಹೆಸರೂ ಇರಲಿಲ್ಲ. ಹಿಂದಿನ ನಾಲ್ಕು ದಿನವೂ ಇರಲಿಲ್ಲ.

ಆರನೆಯ ಕೋಣೆಯ ಒಂಬತ್ತನೆಯ ಮಂಚದ ಮೇಲೆ ಅವಳ ಅತ್ತೆ ದ್ಯಾಮವ್ವ ಮಲಗಿದ್ದಳು. ವಯಸ್ಸು ಅರವತ್ತಾರು.

*

ಯಶೋದಳ ಗಂಡ ಕೊಟ್ರೇಶ ಬಸ್ ಕಂಡಕ್ಟರ್. ಬಸ್ಸು ನಿಂತು ಎರಡು ತಿಂಗಳಾಗಿತ್ತು, ಅಡುಗೆಮನೆ ಅವನ ಕೈಗೆ ಬಂದಿತ್ತು. ಹೆಂಡತಿ ಡ್ಯೂಟಿ ಮುಗಿಸಿ ಬಂದರೆ ಹಿತ್ತಲ ಕಟ್ಟೆಯ ಮೇಲೆ ತಾಟು ಇಟ್ಟು ಆರು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದ.

"ಅವ್ವನ ಹೆಸರು ಬಂತೇನು?"

"ಇಲ್ರಿ."

"ದಿನಾ ಇಲ್ಲ ಅಂತಿ. ಪಟ್ಟಿ ನಿನ್ನ ಕೈಯಾಗ ಐತಿ. ಒಂದು ಹೆಸರು ಮ್ಯಾಲೆ ಬರದ್ರ ಯಾರು ಕೇಳ್ತಾರ?"

"ಪಟ್ಟಿ ಓದೂದಷ್ಟ ನನ್ನ ಕೈಯಾಗ ಐತ್ರಿ. ನಾ ಒಂದು ಹೆಸರು ಮ್ಯಾಲೆ ಬರದ್ರ ಇನ್ನೊಂದು ಕೆಳಗ ಹೋಗ್ತೈತಿ. ಆ ಹೆಸರಿಗೂ ಒಂದು ಮನಿ ಇರ್ತೈತಲ್ರಿ."

ಕೊಟ್ರೇಶ ನೀರಿನ ತಂಬಿಗೆಯನ್ನೂ ಕಟ್ಟೆಯ ಮೇಲಿಟ್ಟು ಮತ್ತೆ ಹಿಂದೆ ಸರಿದ. ಅವನ ತಾಯಿ ನಲವತ್ತು ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸಿ ಅವನನ್ನು ಓದಿಸಿದವಳು. ಸೊಸೆ ನರ್ಸ್ ಕೆಲಸ ಬಿಡುವುದಿಲ್ಲ ಎಂದಾಗ, "ಕಂಡೋರ ಮೈ ತೊಳ್ಯೋ ಕೆಲಸ" ಎಂದು ಮೂರು ವರ್ಷ ಅವಳ ಕೈಯ ನೀರು ಮುಟ್ಟಿರಲಿಲ್ಲ. ಆಮೇಲೆ ಕಾಲು ಮುರಿದು ಎರಡು ತಿಂಗಳು ಮಲಗಿದಾಗ ಅದೇ ಸೊಸೆ ಮೈ ತೊಳೆದಿದ್ದಳು. ದ್ಯಾಮವ್ವ ಅದಕ್ಕೂ ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ಹಂಚಿನ ಮೇಲಿನ ಮೊದಲ ರೊಟ್ಟಿ ಯಶೋದಳ ತಾಟಿಗೆ ಬೀಳುತ್ತಿತ್ತು. ಶೀತಗೃಹದಲ್ಲಿ ಮಲಗಿಸತೊಡಗಿದ ಆರನೆಯ ದಿನ ತುಟಿ ಬೂದಿಯಾದಾಗ ತಾನೇ ನಡೆದು ಬಂದು ಮಂಚದ ಮೇಲೆ ಕೂತು, "ಈ ಮೆಣಸಿನಕಾಯಿ ಖೋಲಿ ನಂಗೇನು ಹೊಸದಲ್ಲ. ಚುಚ್ಚು" ಎಂದು ತೋಳು ಚಾಚಿದ್ದಳು.

ಮಗಳು ಸ್ಫೂರ್ತಿ ಬಾಗಿಲಲ್ಲಿ ಕೂತು ಹಳೆಯ ಕ್ಯಾಲೆಂಡರಿನ ಹಿಂದೆ ಏನೋ ಗೀಚುತ್ತಿದ್ದಳು. ಹತ್ತೊಂಬತ್ತರ ಹುಡುಗಿ, ಬಿ.ಎಸ್ಸಿ. ಓದುತ್ತಿದ್ದಳು.

"ಅವ್ವಾ, ದಿನಾ ಎಷ್ಟು ಮಂದೀನ್ನ ಮಲಗಸ್ತೀರಿ?"

"ಮೂವತ್ತೈದು. ದಿನಕ್ಕೊಂದು ಖೋಲಿ."

"ಎಬ್ಬಸೂದು ಹದಿನಾಲ್ಕು. ಇವತ್ತು ನಾಳೆ ಏನೂ ಗೊತ್ತಾಗೂದಿಲ್ಲ. ಇಪ್ಪತ್ತೈದನೇ ದಿನ ದಾಟಿದ ಮ್ಯಾಲೆ ದಿನಾ ಇಪ್ಪತ್ತೊಂದು ಮಂದಿ ಉಳೀತಾರ."

ಯಶೋದಾ ರೊಟ್ಟಿಯ ಚೂರನ್ನು ತಾಟಿನಲ್ಲಿ ಬಿಟ್ಟಳು. "ಉಳೀತಾರ ಅಂದ್ರ..."

"ಉಳ್ಯೂದಿಲ್ಲ ಅಂತನ ಅವ್ವಾ."

ಅವಳಿಗೆ ಇದು ಹೊಸ ವಿಷಯವೇನಲ್ಲ. ಆದರೆ ಅದನ್ನು ಹೀಗೆ ಕಾಗದದ ಮೇಲೆ, ಮಗಳ ಕೈಬರಹದಲ್ಲಿ ನೋಡಿರಲಿಲ್ಲ.

*

ನಿಯಂತ್ರಣ ಕೊಠಡಿಯ ಅಧಿಕಾರಿ ವಾರಿಜಾ ಪರದೆಯ ಮೇಲೆ ಕಂಡಾಗ ಅವರ ಹಿಂದಿನ ಗೋಡೆಯ ತುಂಬ ಕೆಂಪು ಹಳದಿ ದೀಪಗಳಿದ್ದವು. ಯಶೋದಾ, ಅರಿವಳಿಕೆ ತಜ್ಞ ಡಾಕ್ಟರ್ ಇಂದುಧರ ಮಾಳಗಿ ಇಬ್ಬರೂ ಪರದೆಯ ಈಚೆ ಕುಳಿತಿದ್ದರು.

"ಸಿಸ್ಟರ್, ನಿಮ್ಮ ಹಾಗೆ ಹದಿನೇಳು ಶೀತಗೃಹದವರು ದಿನಾ ನನ್ನ ಕೇಳ್ತಾರೆ. ಹಾಸಿಗೆ ತಯಾರಿಸೋ ಕಾರ್ಖಾನೆಯಲ್ಲೇ ಅರ್ಧ ಜನ ಮಲಗಿದ್ದಾರೆ. ಎಲ್ಲಿಂದ ತರಲಿ?"

"ಅರವತ್ತು ದಾಟಿದೋರ ಹೆಸರು ಪಟ್ಟಿಯಾಗ ಯಾವತ್ತು ಬರ್ತೈತ್ರಿ ಮೇಡಂ?"

"ಅರವತ್ತರೊಳಗಿನವರು ಮುಗಿದ ಮೇಲೆ."

"ಅವರು ಮುಗ್ಯೂದಿಲ್ಲಲ್ರಿ. ದಿನಾ ಬರಾಕತ್ತಾರ."

ವಾರಿಜಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಲೆಕ್ಕ ನನಗೂ ಗೊತ್ತು ಸಿಸ್ಟರ್. ನಾನೇ ಹಾಕಿದ್ದು. ಬೇರೆ ದಾರಿ ಇದ್ದರೆ ಹೇಳಿ, ಕೇಳ್ತೀನಿ. ಇಲ್ಲದಿದ್ದರೆ ಪಟ್ಟಿ ಪ್ರಕಾರ ಮಾಡಿ."

ಪರದೆ ಆರಿತು. ಇಂದುಧರ ಸರ್ ಎದ್ದು ಹೋದರು. ಯಶೋದಾ ಚಹಾಕ್ಕೆಂದು ಹಿಂದಿನ ಯಂತ್ರದ ಕೋಣೆಗೆ ನಡೆದಳು. ಮೆಹಬೂಬಸಾಬ ನದಾಫ ಆ ಶೀತಗೃಹದ ಮೆಕ್ಯಾನಿಕ್. ಮೆಣಸಿನಕಾಯಿ ಇದ್ದಾಗಲೂ ಅವನೇ, ಮನುಷ್ಯರು ಬಂದ ಮೇಲೂ ಅವನೇ. ಕೆಂಪು ನಾಳ, ನೀಲಿ ನಾಳಗಳ ನಡುವೆ ಸ್ಟೂಲ್ ಹಾಕಿಕೊಂಡು ಅವಳಿಗೂ ಒಂದು ಕಪ್ಪು ಬಗ್ಗಿಸಿದ.

"ಏನ್ ಅಂದ್ರು ಅಕ್ಕಾರ?"

"ಹಾಸಿಗಿ ಇಲ್ಲ ಅಂದ್ರು."

ಅವನು ಒಂದು ಗುಟುಕು ಕುಡಿದ. "ನಂಗ ಒಂದು ತಿಳ್ಯೂದಿಲ್ರಿ. ಒಬ್ಬೊಬ್ಬರನ್ನ ಹೊತ್ತೊಯ್ದು ಒಂದೊಂದು ಹಾಸಿಗ್ಯಾಗ ಯಾಕ ಕಾಸ್ತೀರಿ? ನಾವು ಕಾಯಿ ಹೊರಗ ತೆಗೀಬೇಕಾದ್ರ ಚೀಲ ಚೀಲ ಕಾಸೂದಿಲ್ಲ. ಒಮ್ಮೆಲೆ ಬಿಸಿಲಿಗೆ ತಂದ್ರ ಕಾಯಿ ಬೆವರತಾವ, ಬೂಷ್ಟು ಹಿಡೀತಾವ. ಅದಕ್ಕ ಇಡೀ ಖೋಲೀನ್ನ ತಾಸಿಗೆ ಒಂದೋ ಎರಡೋ ಡಿಗ್ರಿ ಹಂಗ ಏರಿಸಿಕೋತ ಬರ್ತೀವಿ."

ಯಶೋದಾ ಕಪ್ಪನ್ನು ಕೆಳಗಿಟ್ಟಳು. "ಮೂವತ್ತೇಳು ಡಿಗ್ರಿ ತನಕ ಏರಿಸಾಕ ಬರ್ತೈತೇನು?"

"ಯಾಕ ಬರೂದಿಲ್ರಿ? ಉಳಿದ ಖೋಲಿ ತಂಪು ಮಾಡಿ ಹೊರಗ ಬಿಡೋ ಬಿಸಿಗಾಳಿ ಐತಲ್ಲ, ಅದನ್ನ ತಿರುಗಿಸಿ ಈ ಖೋಲಿಗೆ ಬಿಟ್ರ ಆತು. ಒಂದು ತಗಡಿನ ಕೊಳವಿ ಬೇಕು. ಅರ್ಧ ದಿನದ ಕೆಲಸ."

"ಏರೂದು ಹೆಚ್ಚುಕಡಿಮಿ ಆಗೂದಿಲ್ಲಲ್ಲ?"

"ಅಕ್ಕಾರ," ಎಂದ ಅವನು ಸ್ವಲ್ಪ ನೊಂದವನಂತೆ, "ಇಪ್ಪತ್ತೆರಡು ವರ್ಷದಾಗ ನನ್ನ ಖೋಲ್ಯಾಗ ಒಂದು ಚೀಲ ಕೆಟ್ಟಿಲ್ಲ."

*

ಇಂದುಧರ ಸರ್ ಅವಳ ಮಾತನ್ನು ನಿಂತುಕೊಂಡೇ ಕೇಳಿದರು, ಆಮೇಲೆ ಕೂತು ಕೇಳಿದರು.

"ಕೋಣೆ ಕಾಯಿಸಿದಿರಿ ಅಂತ ಇಟ್ಕೊಳ್ಳೋಣ. ಉಸಿರು?"

"ಮಲಗಿಸೋವಾಗನ ಗಂಟಲಕ್ಕ ನಳಿಗಿ ಹಾಕೀವಲ್ರಿ. ಅದಕ್ಕ ಗಾಳಿ ಚೀಲ ಸಿಗಿಸಿ ಕೈಲೆ ಒತ್ತೂದು."

"ಹತ್ತು ತಾಸು! ಒಂದು ಮಂಚಕ್ಕೆ ಇಬ್ಬರು ಬೇಕು. ಮೂವತ್ತೈದು ಮಂಚಕ್ಕೆ ಎಪ್ಪತ್ತು ಜನ. ನಮ್ಮಲ್ಲಿರೋದು ಒಂಬತ್ತು ನರ್ಸು."

"ಗೇಟಿನ ಹೊರಗ ಬೇವಿನ ಗಿಡದ ಕೆಳಗ ಎಷ್ಟು ಮಂದಿ ಕುಂತಾರ ನೋಡೀರೇನ್ರಿ ಸರ್? ಅವರ ಕೈ ಸುಮ್ನ ಅದಾವ. ಹದಿನೈದು ದಿನ ದಾಟಿದೋರಿಂದ ರೋಗ ಅಂಟೂದಿಲ್ಲ."

ಡಾಕ್ಟರು ಮೇಜಿನ ಮೇಲಿನ ಪೆನ್ನು ಎತ್ತಿ ಕಾಗದದ ಮೇಲೆ ಇಪ್ಪತ್ತೆಂಟು ಎಂದು ಬರೆದರು. "ಎಲ್ಲರೂ ಬದುಕೋದಿಲ್ಲ ಸಿಸ್ಟರ್. ಇಪ್ಪತ್ತೆಂಟು ಡಿಗ್ರಿ ಹತ್ತಿರ ಹೃದಯದ ಬಡಿತ ಕೆಡಬಹುದು. ಹಾಸಿಗೆ ಅದನ್ನು ಮೊದಲೇ ಹಿಡಿದು ಸರಿ ಮಾಡುತ್ತೆ. ನಮಗೆ ಆಗಲ್ಲ. ಒಬ್ಬ ತಾಯಿ ತನ್ನ ಮಗಳ ಕೈಯಲ್ಲೇ ಸಾಯ್ತಾಳೆ. ಅದನ್ನ ಯೋಚಿಸಿದ್ದೀರಾ?"

"ಯೋಚನಿ ಮಾಡೀನ್ರಿ. ಈಗ ಅವರು ಯಾರ ಕೈಯಾಗೂ ಇಲ್ದಂಗ ಸಾಯ್ತಾರ."

ಮೊದಲ ಕೋಣೆಯಲ್ಲಿ ಹನ್ನೆರಡು ಮಂದಿ ಉಳಿದಿದ್ದರು. ಅವರೊಡನೆ ಮಲಗಿದ ಕಿರಿಯರನ್ನೆಲ್ಲ ಪಟ್ಟಿ ಆಗಲೇ ಎತ್ತಿಕೊಂಡಿತ್ತು. ಹನ್ನೆರಡೂ ಮಂದಿ ಅರವತ್ತು ದಾಟಿದವರು, ಮಾರನೆಯ ದಿನ ಬಿಟ್ಟರೆ ಅವರ ಅವಧಿ ಮುಗಿಯುತ್ತಿತ್ತು.

"ಆ ಕೋಣೆಯಿಂದ ಶುರು ಮಾಡೋಣ," ಎಂದರು ಇಂದುಧರ. "ಜವಾಬ್ದಾರಿ ನಂದು. ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಡ್ತೀನಿ."

*

ಬೆಳಿಗ್ಗೆ ಏಳಕ್ಕೆ ಇಪ್ಪತ್ತಮೂರು ಜನ ಒಳಗೆ ಬಂದರು. ಗಂಡು ಮಕ್ಕಳು, ಹೆಣ್ಣು ಮಕ್ಕಳು, ಸೊಸೆಯಂದಿರು, ಒಬ್ಬ ಮುದುಕಿಯ ತಮ್ಮ. ಎಲ್ಲರೂ ಸೀನಿದರು. ಕೆಲವರು ಮಂಚದ ಬಳಿ ಬಂದು ತಮ್ಮವರ ಕೆನ್ನೆ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡರು. ಹೆಣ ಮುಟ್ಟಿದಂತಾಗಿತ್ತು. ಯಶೋದಾ ಒಂದು ಚೀಲ ಎತ್ತಿ ತೋರಿಸಿದಳು.

"ನೋಡ್ರಿ, ಇದು ಅವರ ಎದಿ ಅಂತ ತಿಳ್ಕೋರಿ. ಜೋರಾಗಿ ಒತ್ತಬ್ಯಾಡ್ರಿ, ಹರಿತೈತಿ. ಹಗೂರಕ್ಕ ಒತ್ತಬ್ಯಾಡ್ರಿ, ಸಾಲೂದಿಲ್ಲ. ನಾ ತಾಟು ಬಡೀತೀನಿ. ಬಡಿದಾಗೊಮ್ಮೆ ಒತ್ರಿ. ಕಾಲು ತಾಸಿಗೊಮ್ಮೆ ಕೈ ಬದಲಿ ಮಾಡ್ರಿ."

ಮೊದಲ ತಾಸು ನಿಮಿಷಕ್ಕೆ ಎರಡೇ ಬಡಿತ. ಸ್ಟೀಲ್ ತಾಟಿನ ಸದ್ದು ಖಾಲಿ ಗೋಡೆಗಳಿಗೆ ತಾಗಿ ಬರುತ್ತಿತ್ತು. ಹೊರಗೆ ಮೆಹಬೂಬಸಾಬ ಮಾಪಕದ ಮುಂದಿನಿಂದ ಅಲುಗಲಿಲ್ಲ. ತಾಸು ತಾಸಿಗೆ ಬಾಗಿಲಿನ ಗಾಜಿಗೆ ಬೆರಳು ಒತ್ತಿ ಎಷ್ಟು ಡಿಗ್ರಿ ಎಂದು ತೋರಿಸುತ್ತಿದ್ದ. ಹದಿನೆಂಟು. ಇಪ್ಪತ್ತು. ಇಪ್ಪತ್ತೆರಡು. ಬಡಿತ ಮೂರಾಯಿತು, ಐದಾಯಿತು. ಸ್ವೆಟರ್ ಹಾಕಿಕೊಂಡು ಬಂದವರು ಸ್ವೆಟರ್ ಬಿಚ್ಚಿದರು. ತಂದೆಯ ಜೊತೆ ಆರು ವರ್ಷ ಮಾತು ಬಿಟ್ಟಿದ್ದ ಒಬ್ಬ ಮಗ, ತಂದೆಯ ಉಗುರಿನಲ್ಲಿ ಕೆಂಪು ಕಂಡಾಗ, "ಅಪ್ಪಾ, ಬಂತು ನೋಡು, ಬಂತು ನೋಡು" ಎಂದು ತನ್ನಷ್ಟಕ್ಕೆ ಅನ್ನುತ್ತಲೇ ಒತ್ತಿದ.

ಇಪ್ಪತ್ತೆಂಟು ಡಿಗ್ರಿಯಲ್ಲಿ ನಾಲ್ಕನೆಯ ಮಂಚದ ಮುದುಕಿಯ ಹೃದಯ ಕೆಟ್ಟು ಅದುರಿ ನಿಂತಿತು. ಇಂದುಧರ ಸರ್ ಮಾಡಬೇಕಾದ್ದೆಲ್ಲ ಮಾಡಿ, ಕೊನೆಗೆ ತಲೆ ಅಲ್ಲಾಡಿಸಿದರು. ಮಗಳು ಮಾತ್ರ ತಾಳಕ್ಕೆ ಸರಿಯಾಗಿ ಚೀಲ ಒತ್ತುತ್ತಲೇ ಇದ್ದಳು. ಯಶೋದಾ ತಾಟನ್ನು ಇನ್ನೊಬ್ಬ ನರ್ಸಿಗೆ ಕೊಟ್ಟು ಬಂದು ಆ ಎರಡು ಕೈಗಳನ್ನು ಹಿಡಿದುಕೊಂಡಳು.

"ಸಾಕವ್ವ."

"ನಾ ತಪ್ಪು ಒತ್ತಿದ್ನೇನ್ರಿ?"

"ಇಲ್ಲ. ಒಂದು ತಾಳ ತಪ್ಪಿಲ್ಲ. ನಾ ನೋಡಾಕತ್ತಿದ್ದೆ."

ಅಂದಿನಿಂದ ಯಶೋದಾ ಚೀಲ ಹಿಡಿಸುವ ಮೊದಲೇ ಪ್ರತಿಯೊಬ್ಬರಿಗೂ ಈ ಮಾತು ಹೇಳುವುದನ್ನು ರೂಢಿ ಮಾಡಿಕೊಂಡಳು: ನಿಮ್ಮವರು ಹೋದರೆ ಅದು ನಿಮ್ಮ ಕೈಯ ತಪ್ಪಲ್ಲ.

ಸಂಜೆ ಐದರ ಹೊತ್ತಿಗೆ ಕೋಣೆ ಮೂವತ್ತೇಳು ಡಿಗ್ರಿಗೆ ಬಂತು. ಎಲ್ಲರ ಅಂಗಿಯೂ ಬೆನ್ನಿಗೆ ಅಂಟಿತ್ತು. ಹನ್ನೆರಡರಲ್ಲಿ ಮೂವರು ಹೋದರು. ಒಂಬತ್ತು ಮಂದಿ ಕೆಮ್ಮಿದರು, ನಳಿಗೆ ಕಚ್ಚಿದರು, ಕಣ್ಣು ತೆರೆದು ತಮ್ಮ ಮೇಲೆ ಬಾಗಿದ್ದ ಬೆವರಿದ ಮುಖಗಳನ್ನು ನೋಡಿದರು. ನಳಿಗೆ ತೆಗೆದೊಡನೆ ಆ ಮಗನ ತಂದೆ ಗೊಗ್ಗರು ದನಿಯಲ್ಲಿ ಕೇಳಿದ ಮೊದಲ ಮಾತು, "ಇಷ್ಟ್ಯಾಕ ಸೆಕಿ ಆಗೇತೋ?"

ವಾರಿಜಾ ಪರದೆಯ ಮೇಲೆ ಬಂದಾಗ ಅವರ ದನಿ ಗಡುಸಾಗಿತ್ತು. "ಯಾರ ಅನುಮತಿಯಿಂದ ಮಾಡಿದಿರಿ?"

"ನನ್ನ ಅನುಮತಿಯಿಂದ," ಎಂದರು ಇಂದುಧರ.

"ಮೂವರು ಸತ್ತಿದ್ದಾರೆ."

ಯಶೋದಾ ಮುಂದೆ ಬಾಗಿದಳು. "ನಿಮ್ಮ ಪಟ್ಟಿಯಾಗ ಹನ್ನೆರಡೂ ಮಂದಿ ಸತ್ತಿದ್ರು ಮೇಡಂ."

ಪರದೆಯ ಆಚೆ ಯಾರೋ ಏನೋ ಕೇಳಲು ಬಂದರು. ವಾರಿಜಾ ಕೈ ಎತ್ತಿ ಅವರನ್ನು ತಡೆದರು. ಎದುರಿನ ಕಾಗದದಲ್ಲಿ ಒಂದು ಗೆರೆ ಎಳೆದರು. ಆಮೇಲೆ ಕೇಳಿದರು: "ಕೋಣೆ ಕಾಯಿಸಿದವರು ಯಾರು? ನಾಳೆ ಹತ್ತು ಗಂಟೆಗೆ ಅವರನ್ನ ಪರದೆ ಮುಂದೆ ಕೂರಿಸಿ. ಹದಿನೇಳು ಶೀತಗೃಹದವರೂ ಕೇಳಬೇಕು."

ಮೆಹಬೂಬಸಾಬ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಡಾಕ್ಟರುಗಳು, ಎಂಜಿನಿಯರುಗಳು ಬರೆದುಕೊಳ್ಳುತ್ತಿದ್ದರೆ ಬೆವರುವ ಕಾಯಿಯಿಂದಲೇ ಮಾತು ಶುರು ಮಾಡಿದ.

*

ದಿನಕ್ಕೊಂದು ಕೋಣೆ. ಎರಡನೆಯದು, ಮೂರನೆಯದು, ನಾಲ್ಕನೆಯದು. ಕಾಯಿಸುವ ಕೋಣೆಗೆ ವಯಸ್ಸು ಕೇಳುವ ಗೊಡವೆ ಇರಲಿಲ್ಲ, ಇಪ್ಪತ್ತರವನೂ ಎಂಬತ್ತರವಳೂ ಒಟ್ಟಿಗೇ ಬೆಚ್ಚಗಾಗುತ್ತಿದ್ದರು. ಹೃದಯ ತೀರ ಕೆಟ್ಟವರನ್ನು ಮಾತ್ರ ಹದಿನಾಲ್ಕು ಹಾಸಿಗೆಗಳಿಗೆ ಒಯ್ಯುತ್ತಿದ್ದರು. ಆರು ಗಂಟೆಯ ಪಟ್ಟಿ ನಿಂತುಹೋಯಿತು. ಮನೆಯವರೆಲ್ಲ ಮಲಗಿದ್ದರಿಂದ ಒತ್ತಲು ಯಾರೂ ಇಲ್ಲದವರ ಸಂಖ್ಯೆ ಹೆಚ್ಚಾದಾಗ, ದ್ಯಾಮವ್ವನ ಜೊತೆ ದುಡಿದಿದ್ದ ಫಕೀರವ್ವ ಎಂಬಾಕೆ ಮೂವತ್ತು ಹೆಂಗಸರನ್ನು ಕಟ್ಟಿಕೊಂಡು ಬಂದಳು. ಮಾರುಕಟ್ಟೆ ಮುಚ್ಚಿ ತೊಟ್ಟು ಬಿಡಿಸುವ ಕೆಲಸ ನಿಂತಿತ್ತು. "ಹೊತ್ತು ಹುಟ್ಟಿ ಮುಳುಗೂತನಕ ಬೆರಳಾಡಿಸಿದ ಕೈ ಇವು. ನಿಮ್ಮ ಚೀಲ ಏನ್ ದೊಡ್ಡದು ತರ್ರಿ," ಎಂದಳು. ಅವರ ಮಂಚಗಳಲ್ಲಿ ಒಂದು ತಾಳವೂ ತಪ್ಪುತ್ತಿರಲಿಲ್ಲ.

ಹಾಗೆಂದು ಎಲ್ಲರೂ ಉಳಿದರೆಂದಲ್ಲ. ಪ್ರತಿದಿನ ನಾಲ್ಕೋ ಐದೋ ಮಂಚಗಳ ಬಳಿ ತಾಟಿನ ಸದ್ದಿನ ನಡುವೆಯೇ ಅಳು ಏಳುತ್ತಿತ್ತು. ಅಕ್ಕಪಕ್ಕದ ಮಂಚದವರು ಅಳುತ್ತ ಒತ್ತುತ್ತಿದ್ದರು. ನಿಲ್ಲಿಸುವಂತಿರಲಿಲ್ಲ.

ಇಪ್ಪತ್ತಾರನೆಯ ದಿನ ಆರನೆಯ ಕೋಣೆಯ ಸರದಿ. ಮೂವತ್ತೈದು ಮಂದಿ. ಕೊಟ್ರೇಶ, ಸ್ಫೂರ್ತಿ ಇಬ್ಬರೂ ಸ್ನಾನ ಮಾಡಿ ಬಂದಿದ್ದರು. ಯಶೋದಾ ಮಂಚಗಳ ನಡುವೆ ನಡೆದು ಕೈಗಳನ್ನು ಎಣಿಸಿದಳು. ಫಕೀರವ್ವನ ಗುಂಪಿನವರೂ ಉಳಿದ ನರ್ಸುಗಳೂ ಹಂಚಿಹೋಗಿದ್ದರು. ಮೂವತ್ತೊಂದನೆಯ ಮಂಚದ ಬಳಿ ಯಾರೂ ಇರಲಿಲ್ಲ. ತಲೆದೆಸೆಯ ಚೀಟಿ ನೋಡಿದಳು. ಬುಧನ್ ಓರಾಂವ್, ಇಪ್ಪತ್ನಾಲ್ಕು, ಝಾರ್ಖಂಡ್, ರೈಲು ಹಳಿ ಕೆಲಸ. ಇವತ್ತು ಬಿಟ್ಟರೆ ಅವನಿಗೊಬ್ಬನಿಗಾಗಿ ಕೋಣೆ ಮತ್ತೆ ಕಾಯಿಸುವಂತಿರಲಿಲ್ಲ. ಹದಿನಾಲ್ಕು ಹಾಸಿಗೆಗಳೂ ತುಂಬಿದ್ದವು.

ಅವಳು ಒಂಬತ್ತನೆಯ ಮಂಚದ ಬಳಿ ಬಂದು ಗಂಡನಿಗೆ ವಿಷಯ ಹೇಳಿದಳು.

"ನೀ ಇಲ್ಲೇ ನಿಲ್ಲು," ಎಂದ ಕೊಟ್ರೇಶ. "ಏನರ ಆದ್ರ ನಮಗ ಏನ್ ತಿಳೀತೈತಿ?"

"ನೀವು ಇಬ್ಬರು ಅದೀರಿ. ಸರ್ ಇಲ್ಲೇ ತಾಟು ಬಡೀತಾರ. ಅವನಿಗೆ ಯಾರೂ ಇಲ್ರಿ."

ಕೊಟ್ರೇಶ ಅವಳ ಮುಖ ನೋಡಲಿಲ್ಲ. ಸ್ಫೂರ್ತಿ ಹೇಳಿದಳು, "ಹೋಗವ್ವಾ. ನಾವ್ ಒತ್ತೀವಿ."

ಮೂವತ್ತೊಂದನೆಯ ಮಂಚದಿಂದ ನೋಡಿದರೆ ಅತ್ತೆಯ ಪಾದಗಳಷ್ಟೇ ಕಾಣುತ್ತಿದ್ದವು, ಒಡೆದ ಹಿಮ್ಮಡಿ, ಸವೆದ ಕಾಲುಂಗುರ. ಯಶೋದಾ ಒತ್ತತೊಡಗಿದಳು. ಕೈ ಬದಲಿಸುವವರಿಲ್ಲ, ಅಕ್ಕಪಕ್ಕದ ಮಂಚಗಳಿಗೂ ಅಂದು ಒಬ್ಬೊಬ್ಬರೇ ಸಿಕ್ಕಿದ್ದರು. ಮೆಹಬೂಬಸಾಬ ನಡುನಡುವೆ ಐದೈದು ನಿಮಿಷ ಬಂದು ಚೀಲ ಹಿಡಿದು, ಮತ್ತೆ ಮಾಪಕಕ್ಕೆ ಓಡುತ್ತಿದ್ದ. ನಾಲ್ಕನೆಯ ತಾಸಿಗೆ ಮುಂಗೈ ಮರಗಟ್ಟಿತು, ಆರನೆಯ ತಾಸಿಗೆ ನೋವೂ ಹೋಯಿತು. ಇಪ್ಪತ್ತೆಂಟು ಡಿಗ್ರಿ ದಾಟಿತು. ಅತ್ತೆಯ ಪಾದದ ಬೆರಳು ಸಣ್ಣಗೆ ಅಲುಗಿದ್ದನ್ನು ಅವಳು ನೋಡಿದಳು. ನೋಡಿಯೂ ನಂಬದೆ ಮತ್ತೆ ನೋಡಿದಳು. ಅಲುಗಿತ್ತು.

ಎಂಟನೆಯ ತಾಸಿನಲ್ಲಿ, ತಾಳ ನಿಮಿಷಕ್ಕೆ ಹನ್ನೆರಡಾಗಿದ್ದಾಗ, ತಾಟು ಬಡಿಯುವ ಕೈ ಬದಲಾದದ್ದು ಸದ್ದಿನಲ್ಲೇ ಗೊತ್ತಾಯಿತು. ತಲೆ ಎತ್ತಿದಳು. ಇಂದುಧರ ಸರ್ ಅವರ ಬೆನ್ನು ಒಂಬತ್ತನೆಯ ಮಂಚದ ಮೇಲೆ ಬಾಗಿತ್ತು. ಕೊಟ್ರೇಶ ಆಚೆ ಸರಿದು ನಿಂತಿದ್ದ. ಸ್ಫೂರ್ತಿ ಚೀಲ ಬಿಟ್ಟಿರಲಿಲ್ಲ.

ಮೆಹಬೂಬಸಾಬ ಬಾಗಿಲಾಚೆ ಇದ್ದ. ಕೂಗಿದರೂ ಕೇಳದು. ಐದು ಸೆಕೆಂಡಿಗೊಂದು ಉಸಿರು. ಬುಧನ್‌ನ ಮೈ ಈಗ ಬೆಚ್ಚಗಾಗಿತ್ತು, ಹೃದಯ ಓಡುತ್ತಿತ್ತು, ತಾನಾಗಿ ಉಸಿರೆಳೆಯುವುದು ಇನ್ನೂ ಬಂದಿರಲಿಲ್ಲ. ಚೀಲ ಕೆಳಗಿಟ್ಟು ಮೂವತ್ತು ಹೆಜ್ಜೆ ನಡೆದು ಬಂದರೆ ಅವನು ಇರುತ್ತಿರಲಿಲ್ಲ. ಕೊಟ್ರೇಶ ತಿರುಗಿ ನೋಡಿದ. ಕೋಣೆಯ ಉದ್ದಕ್ಕೂ ಬೆವರುತ್ತಿದ್ದ ತಲೆಗಳ ಮೇಲಿಂದ ಗಂಡ ಹೆಂಡತಿಯ ಕಣ್ಣು ಕೂಡಿದವು. ಬಾ ಎಂದು ಅವನು ಕೈ ಮಾಡಿದ. ಅವಳು ತಾಟಿನ ಸದ್ದಿಗೆ ಸರಿಯಾಗಿ ಒತ್ತಿದಳು. ಮತ್ತೆ ಒತ್ತಿದಳು. ಕಣ್ಣಿನ ನೀರು ಮಾಸ್ಕಿನೊಳಗೆ ಇಳಿದು ತುಟಿಗೆ ಉಪ್ಪಾಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಇಂದುಧರ ಸರ್ ನೆಟ್ಟಗೆ ನಿಂತರು. ಸ್ಫೂರ್ತಿಯ ಕೈ ನಿಂತಿತು.

ಬುಧನ್ ಕೆಮ್ಮಿದ್ದು ಐದಕ್ಕೆ ಹತ್ತು ನಿಮಿಷವಿದ್ದಾಗ. ನಳಿಗೆ ತೆಗೆದ ಮೇಲೆ ಏನೋ ಹೇಳಿದ. ಅವನ ಭಾಷೆ ಅಲ್ಲಿ ಯಾರಿಗೂ ತಿಳಿಯದು. ಅವಳು ಹತ್ತಿಯನ್ನು ನೀರಿನಲ್ಲಿ ಅದ್ದಿ ಅವನ ತುಟಿಗೆ ಒತ್ತಿದಳು. ಬೂದಿಯ ಬಣ್ಣ ಹೋಗಿತ್ತು. ಅವನು ಅವಳ ಮರಗಟ್ಟಿದ ಬೆರಳು ಹಿಡಿದುಕೊಂಡ. ಬಿಡಿಸಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಕೊಟ್ರೇಶ ತಾಯಿಯ ಮಂಚದ ಅಂಚಿನಲ್ಲಿ ಕೂತಿದ್ದ. ಸ್ಫೂರ್ತಿ ಅಜ್ಜಿಯ ಕೂದಲು ಸರಿ ಮಾಡುತ್ತಿದ್ದಳು.

"ಕೈ ಬೆಚ್ಚಗ ಅದಾವ ನೋಡು," ಎಂದ ಅವನು.

ಯಶೋದಾ ಹಿಡಿದು ನೋಡಿದಳು. ಕೋಣೆಯ ಬಿಸಿಗೆ ಅವು ಬೆಚ್ಚಗೇ ಇದ್ದವು.

"ನೀ ಬಂದಿದ್ರ ಉಳೀತಿದ್ಳೇನು?"

ಇಲ್ಲ ಎಂದುಬಿಡಬಹುದಿತ್ತು. ಅವಳು ಹಾಗೆ ಅನ್ನಲಿಲ್ಲ. "ಗೊತ್ತಿಲ್ರಿ," ಎಂದಳು. "ಸರ್ ಮಾಡಿದ್ದನ್ನ ನಾನೂ ಮಾಡ್ತಿದ್ದೆ. ಅಷ್ಟ ಗೊತ್ತು."

ಹೊತ್ತು ಮುಳುಗುವುದರೊಳಗೆ ದ್ಯಾಮವ್ವನನ್ನು ಮಣ್ಣು ಮಾಡಿದರು. ಮೈಯನ್ನು ಯಶೋದಾಳೇ ತೊಳೆದಳು. ಫಕೀರವ್ವ ನೀರು ಹಾಕಿದಳು. ದಾರಿಯುದ್ದಕ್ಕೂ ಕೊಟ್ರೇಶ ಹೆಂಡತಿಯ ಜೊತೆ ಮಾತಾಡಲಿಲ್ಲ. ಮನೆಗೆ ಬಂದ ಮೇಲೂ ಆಡಲಿಲ್ಲ.

ಬೆಳಿಗ್ಗೆ ಅವಳು ಏಳುವ ಹೊತ್ತಿಗೆ ಅವನ ಹಾಸಿಗೆ ಖಾಲಿಯಿತ್ತು. ಅಡುಗೆಮನೆಯಲ್ಲೂ ಇರಲಿಲ್ಲ. ಸ್ಫೂರ್ತಿಯನ್ನು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. ಯಶೋದಾ ಒಬ್ಬಳೇ ಶೀತಗೃಹಕ್ಕೆ ನಡೆದಳು. ರಜೆ ತೆಗೆದುಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಆದರೆ ಏಳನೆಯ ಕೋಣೆಯಲ್ಲಿ ಮೂವತ್ತನಾಲ್ಕು ಮಂದಿಯ ದಿನ ಬಂದಿತ್ತು.

ಗೇಟಿನ ಒಳಗೆ ನಲ್ಲಿಯ ಮುಂದೆ ಕೊಟ್ರೇಶ ಮೊಣಕೈ ತನಕ ಸೋಪು ಹಚ್ಚಿ ಕೈ ತೊಳೆಯುತ್ತಿದ್ದ. ರಾತ್ರಿಯೆಲ್ಲ ಅತ್ತ ಕಣ್ಣು ಊದಿದ್ದವು. ಅವಳನ್ನು ಕಂಡು ನಲ್ಲಿ ನಿಲ್ಲಿಸಿದ.

"ಏಳನೇ ಖೋಲ್ಯಾಗ ಯಾರಿಗೆ ಮಂದಿ ಇಲ್ಲ?"

ಯಶೋದಾ ಕೈಯಲ್ಲಿದ್ದ ಹಾಳೆ ನೋಡಿದಳು. ಅಕ್ಷರಗಳು ಒಂದು ಕ್ಷಣ ಕಲಸಿದವು, ಆಮೇಲೆ ಸರಿಯಾದವು.

"ಹನ್ನೆರಡನೇ ಮಂಚ. ಎಪ್ಪತ್ತರ ಆಸುಪಾಸಿನ ಮುದುಕ. ಹೆಸರು ಗೊತ್ತಿಲ್ಲ, ಬಸ್ ಸ್ಟ್ಯಾಂಡಿನ್ಯಾಗ ಸಿಕ್ಕಿದ್ದ."

"ಬಸ್ ಸ್ಟ್ಯಾಂಡಿನ್ಯಾಗ ಸಿಕ್ಕಿದ್ರ ನಮ್ಮವನ ಆತು," ಎಂದು ಕೊಟ್ರೇಶ ಒದ್ದೆ ಕೈಗಳನ್ನು ಮುಂದೆ ಎತ್ತಿ ಹಿಡಿದುಕೊಂಡು, ಬಾಗಿಲನ್ನು ಭುಜದಿಂದ ನೂಕಿ ಒಳಗೆ ಹೋದ.